ನಾಯಿಯ ಜೊತೆ ಡೇರೆಯಲ್ಲಿ ಎರಡು ರಾತ್ರಿ: ವಿಶ್ರಾಂತಿಗೆಂದು ಹೋಗಿ ಬಸವಳಿದು ಬಂದೆವು

ಮೂರನೇ ದಿಂಬು:
ಎಲ್ಲರಿಗೂ ನಮಸ್ಕಾರ. ಬೈಯುವುದಿದ್ದರೆ ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ನಮ್ಮ ಗುಂಡನಿಗೆ ನಾಲ್ಕು ವರ್ಷ. ತಳಿ ಯಾವುದು ಎಂದು ಕೇಳಬೇಡಿ, ಅವನಿಗೂ ಗೊತ್ತಿಲ್ಲ. 18 ಕಿಲೊ ತೂಕ, ಒಂದು ಕಿವಿ ನಿಂತಿದೆ, ಇನ್ನೊಂದು ಬಿದ್ದಿದೆ. ಮನೆಯಲ್ಲಿ ಮಹಾ ಸಾಧು. ಅವನನ್ನು ಬಿಟ್ಟು ಎಲ್ಲಿಗೂ ಹೋಗಲು ಮನಸ್ಸಾಗದೆ ಎರಡು ವರ್ಷ ಮನೆಯಲ್ಲೇ ಕುಳಿತಿದ್ದೆವು. ಈ ಸಲ ಗ್ಲಾಂಪಿಂಗ್ ಎಂದರೆ ಏನೆಂದು ನೋಡೋಣ ಎಂದು ಊರಾಚೆಯ ಹೊಲಗಳ ನಡುವೆ ದೊಡ್ಡ ಕ್ಯಾನ್ವಾಸ್ ಡೇರೆಯೊಂದನ್ನು ಎರಡು ರಾತ್ರಿಗೆ ಹಿಡಿದೆವು. ಮಂಚ, ಮೆತ್ತನೆಯ ಹಾಸಿಗೆ, ಒಳಗೆ ದೀಪ, ಹತ್ತು ಹೆಜ್ಜೆಯಲ್ಲಿ ಬಿಸಿನೀರಿನ ಸ್ನಾನದ ಮನೆ. ಜಾಹೀರಾತಿನಲ್ಲಿ ‘ನಾಯಿಗಳಿಗೂ ಸ್ವಾಗತ’ ಎಂದು ದಪ್ಪಕ್ಷರದಲ್ಲಿತ್ತು.

ನಾವು ತಲುಪಿದ್ದು ಕತ್ತಲಾಗುವ ಹೊತ್ತಿಗೆ. ಆಗ ಕೈಗೆ ಒಂದು ಹಾಳೆ ಬಂತು. ನಾಯಿ ಮಂಚ ಹತ್ತುವಂತಿಲ್ಲ. ಡೇರೆಯಲ್ಲಿ ಒಂಟಿಯಾಗಿ ಬಿಡುವಂತಿಲ್ಲ. ಊಟದ ಜಾಗಕ್ಕೆ ಕರೆತರುವಂತಿಲ್ಲ. ಸ್ವಾಗತ ಎಂದರೆ ಗೇಟಿನವರೆಗೆ ಎಂದು ಆಮೇಲೆ ತಿಳಿಯಿತು. ಇಬ್ಬರೂ ಸರದಿಯಲ್ಲಿ ಊಟ ಮಾಡಿದೆವು.

ರಾತ್ರಿಯ ಕಥೆ ಹೇಳುವುದೇ ಬೇಡ. ಎಲೆ ಅಲುಗಿದರೆ ಬೊಗಳು, ಪಕ್ಕದ ಡೇರೆಯವರು ಕೆಮ್ಮಿದರೆ ಬೊಗಳು. ಎರಡು ಗಂಟೆಗೆ ಜಿಪ್ಪಿನ ತುದಿಗೆ ಮೂಗು ತೂರಿಸಿ ಒಂದು ಗೇಣು ತೆರೆದೇಬಿಟ್ಟ. ಹಿಡಿಯಲು ಓಡಿದ ನಾನು ಡೇರೆಯ ಹಗ್ಗಕ್ಕೆ ಕಾಲು ಸಿಕ್ಕಿ ಮುಗ್ಗರಿಸಿದೆ. ಬೆಳಗಿನ ನಾಲ್ಕಕ್ಕೆ ನಾನು ಮತ್ತು ಗುಂಡ ಹೊರಗಿನ ಮೆಟ್ಟಿಲ ಮೇಲೆ ಒಂದೇ ಕಂಬಳಿ ಹೊದ್ದು ಕುಳಿತಿದ್ದೆವು. ಮರುದಿನ ಅಲ್ಲಿ ಇಲ್ಲಿ ಸುತ್ತಾಡಿ ಅವನನ್ನು ದಣಿಸೋಣ ಎಂದುಕೊಂಡರೆ ನಾವು ದಣಿದೆವು, ಅವನು ಇನ್ನಷ್ಟು ಕೆರಳಿದ. ಓದಲೆಂದು ಒಯ್ದ ಪುಸ್ತಕದ ಮೊದಲ ಪುಟವನ್ನೂ ತಿರುವಲಿಲ್ಲ.

ತಪ್ಪು ಜಾಗದ್ದೋ, ನಾಯಿಯದ್ದೋ, ನಮ್ಮದೋ? ತಿಳಿದವರು ಹೇಳಿ.

ಹಳೇ ಗೂಟ:
ಮೂರನೇ ದಿಂಬು ಅವರೇ, ನಾಯಿಯ ತಪ್ಪಂತೂ ಅಲ್ಲ. ಹನ್ನೊಂದು ವರ್ಷಗಳಿಂದ ನಾಯಿ ಕಟ್ಟಿಕೊಂಡು ಡೇರೆಗಳಲ್ಲಿ ಮಲಗುತ್ತಿದ್ದೇನೆ. ಮೂರು ನಾಯಿಗಳಾದವು. ಮೂರೂ ಮೊದಲ ರಾತ್ರಿ ಹೀಗೆಯೇ ಮಾಡಿದವು.

ಹೊಸ ಜಾಗದಲ್ಲಿ ಮೊದಲ ರಾತ್ರಿ ಮನುಷ್ಯರಿಗೇ ಸರಿಯಾಗಿ ನಿದ್ರೆ ಬರುವುದಿಲ್ಲ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದ್ದರು. ಮೊದಲ ರಾತ್ರಿ ಗಾಢ ನಿದ್ರೆಯ ಹೊತ್ತಿನಲ್ಲೂ ಮಿದುಳಿನ ಎಡ ಭಾಗ ಬಲ ಭಾಗಕ್ಕಿಂತ ಎಚ್ಚರವಾಗಿದ್ದು ಸಣ್ಣ ಸದ್ದಿಗೂ ಸ್ಪಂದಿಸುತ್ತಿತ್ತಂತೆ. ನಮ್ಮ ಪಾಡೇ ಹೀಗಿರುವಾಗ ಗುಂಡನ ಪಾಡು ಯೋಚಿಸಿ. ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ, ನಾಯಿಗೆ ಸುಮಾರು 45,000ದವರೆಗೆ. ನೆಲಹಲಗೆಯ ಕೆಳಗೆ ಇಲಿಗಳು ಕಿಚಗುಟ್ಟುವುದು ನಮಗೆ ಕೇಳುವುದೇ ಇಲ್ಲ, ಅದಕ್ಕೆ ಸ್ಪಷ್ಟ. ನೀವು ನಿಶ್ಶಬ್ದ ಎಂದು ಕಣ್ಣು ಮುಚ್ಚುವ ಹೊತ್ತಿಗೆ ಅದನ್ನು ಸಂತೆಯ ನಡುವೆ ಮಲಗಿಸಿದಂತಾಗಿರುತ್ತದೆ.

ನನ್ನ ಪದ್ಧತಿ ಹೇಳುತ್ತೇನೆ. ಮಧ್ಯಾಹ್ನಕ್ಕೆ ಮೊದಲೇ ತಲುಪುತ್ತೇನೆ. ಸಾಮಾನು ಇಳಿಸುವ ಮುನ್ನ ನಾಯಿಯನ್ನು ಲೀಶ್‌ನಲ್ಲಿ ಹಿಡಿದು ಡೇರೆಯ ಸುತ್ತ ಮೂರು ಸುತ್ತು ಹಾಕುತ್ತೇನೆ, ಅದು ಎಷ್ಟು ಹೊತ್ತು ಮೂಸಿದರೂ ಎಳೆಯುವುದಿಲ್ಲ. ಮನೆಯಲ್ಲಿ ನಾನು ವಾರಗಟ್ಟಲೆ ಹೊದ್ದ, ಒಗೆಯದ ಹಚ್ಚಡವೊಂದು ಅದರ ಹಾಸಿಗೆಗೆ. ಒಗೆದರೆ ಕೆಲಸ ಕೆಟ್ಟಿತು, ಮನೆಯ ವಾಸನೆಯೇ ಅದರ ಜೀವಾಳ. ರಾತ್ರಿ ಒಂದು ಪುಟ್ಟ ಫ್ಯಾನ್ ಓಡುತ್ತಿರುತ್ತದೆ, ಅದರ ಗುಂಯ್ ಸದ್ದಿನಲ್ಲಿ ಹೊರಗಿನ ಅರ್ಧ ಸಪ್ಪಳ ಕರಗಿಹೋಗುತ್ತದೆ. ಜಿಪ್ಪಿನ ಎರಡು ಕೊಂಡಿಗಳನ್ನು ಸೇರಿಸಿ ಒಂದು ಕ್ಲಿಪ್ ಹಾಕಿಬಿಡಿ, ಯಾವ ಮೂಗಿಗೂ ಜಗ್ಗುವುದಿಲ್ಲ.

ಇನ್ನೊಂದು ಮಾತು. ಎರಡು ರಾತ್ರಿಗೆ ಹೋಗಬೇಡಿ, ಮೂರಕ್ಕೆ ಹೋಗಿ. ಮೊದಲನೆಯದನ್ನು ನಾಯಿಗೆ ಬರೆದುಕೊಡಿ.

ಕಾಲ್ಮಣೆ:
ಇಷ್ಟೆಲ್ಲ ಏಕೆ? ನಾಯಿಗೆ ಅದರ ಮನೆ, ಅದರ ಮೂಲೆ ಸಾಕು. ನೋಡಿಕೊಳ್ಳಲು ಒಬ್ಬರನ್ನು ಒಪ್ಪಿಸಿ ಹೋದರೆ ಇಬ್ಬರಿಗೂ ಸುಖ. ಮಂಚ ಇರುವ ಡೇರೆ ಎಂದರೆ ಕಾಡೂ ಅಲ್ಲ, ಮನೆಯೂ ಅಲ್ಲ. ಅದಕ್ಕೊಂದು ಹೊಸ ಹೆಸರು ಬೇರೆ.

ಹಳೇ ಗೂಟ:
ಹೆಸರು ಹೊಸದು ನಿಜ. ಆಕ್ಸ್‌ಫರ್ಡ್ ನಿಘಂಟಿಗೆ ‘ಗ್ಲಾಂಪಿಂಗ್’ ಪದ ಸೇರಿದ್ದೇ 2016ರಲ್ಲಿ. ಚಟ ಮಾತ್ರ ಹಳೆಯದು. 1520ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿ ಮತ್ತು ಫ್ರಾನ್ಸಿನ ಮೊದಲನೇ ಫ್ರಾನ್ಸಿಸ್ ಭೇಟಿಯಾದಾಗ ಜರಿ ಬಟ್ಟೆಯ ಡೇರೆಗಳನ್ನೇ ಹೊಡೆಸಿದ್ದರು. ಆ ಬಯಲಿಗೆ ‘ಬಂಗಾರದ ಬಟ್ಟೆಯ ಬಯಲು’ ಎಂದೇ ಹೆಸರಾಯಿತು. ರಾಜರು ಮಾಡಿದರೆ ವೈಭವ, ನಾವು ಮಾಡಿದರೆ ಷೋಕಿಯೇ?

ಆದರೆ ಕಾಲ್ಮಣೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಪರಿಚಿತರನ್ನು ಕಂಡರೆ ನಡುಗುವ, ಕಾರು ಹತ್ತಿದರೆ ವಾಂತಿ ಮಾಡುವ ನಾಯಿಯನ್ನು ‘ಪ್ರೀತಿ’ಯ ಹೆಸರಿನಲ್ಲಿ ಎಳೆದೊಯ್ಯುವುದು ನಮ್ಮ ಖುಷಿಗೇ ಹೊರತು ಅದರದ್ದಕ್ಕಲ್ಲ.

ಬಿಳಿ ಕೋಟು:
ನಾನು ಪಶುವೈದ್ಯೆ. ಗುಂಡನನ್ನು ನೋಡದೆ ಅವನ ಬಗ್ಗೆ ಹೇಳಲಾರೆ, ಆದರೆ ಹಳ್ಳಿಗಾಡಿನ ರಜೆ ಮುಗಿಸಿ ನೇರವಾಗಿ ನನ್ನ ಮೇಜಿಗೆ ಬರುವ ನಾಯಿಗಳನ್ನು ಪ್ರತಿ ವರ್ಷ ನೋಡುತ್ತೇನೆ. ಅವುಗಳ ಕಥೆ ಹೇಳಿದರೆ ಉಪಯೋಗವಾದೀತು.

ಹೆಚ್ಚಿನವು ಬರುವುದು ಉಣುಗಿನ ಕಾರಣಕ್ಕೆ. ಕಿವಿಯ ಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ಬೆರಳುಗಳ ಸಂದು: ಪ್ರತಿ ಸಂಜೆ ಈ ನಾಲ್ಕು ಜಾಗವನ್ನು ಬೆರಳಿನಿಂದ ತಡವಿ ನೋಡಿ. ಸಿಕ್ಕರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ಒತ್ತಿದಂತೆ ಹಿಡಿದು ನಿಧಾನವಾಗಿ ನೇರಕ್ಕೆ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿಯಿಂದ ಸುಡುವುದು ಬೇಡವೇ ಬೇಡ. ಉಣುಗು ತರುವ ರೋಗಗಳಲ್ಲಿ ಕೆಲವು, ಉದಾಹರಣೆಗೆ ಎರ್ಲಿಕಿಯಾ, ಕಚ್ಚಿದ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಇಳಿಯಬಲ್ಲವು. ಆದ್ದರಿಂದ ‘ಮನೆಗೆ ಹೋಗಿ ನೋಡೋಣ’ ಎನ್ನಬೇಡಿ. ಉಣುಗಿನ ಮಾತ್ರೆ ನುಂಗಿಸಿದ್ದರೂ ಮೈಮೇಲೆ ಒಂದೆರಡು ಕಾಣಿಸಬಹುದು. ಹಲವು ಮಾತ್ರೆಗಳು ಉಣುಗು ಕಚ್ಚಿದ ಮೇಲೆಯೇ ಅದನ್ನು ಕೊಲ್ಲುತ್ತವೆ.

ಲಸಿಕೆಯಲ್ಲಿ ರೇಬೀಸ್ ಎಲ್ಲರಿಗೂ ನೆನಪಿರುತ್ತದೆ, ಲೆಪ್ಟೊಸ್ಪೈರೋಸಿಸ್ ಮರೆತುಹೋಗುತ್ತದೆ. ಇಲಿಗಳ ಮೂತ್ರ ಬೆರೆತ ನಿಂತ ನೀರಿನಿಂದ ಬರುವ ರೋಗ ಇದು, ಮನುಷ್ಯರಿಗೂ ತಗಲುತ್ತದೆ. ಮೊದಲ ಸಲ ಹಾಕಿಸುವುದಾದರೆ ಕೆಲವು ವಾರಗಳ ಅಂತರದಲ್ಲಿ ಎರಡು ಚುಚ್ಚುಮದ್ದು ಬೇಕು. ಹೊರಡುವ ಹಿಂದಿನ ದಿನ ಓಡಿಬಂದರೆ ನಾನೂ ಏನೂ ಮಾಡಲಾರೆ. ಕೆರೆಯ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಪೊರೆ ಕಂಡರೆ ನಾಯಿಯನ್ನು ಹತ್ತಿರಕ್ಕೂ ಬಿಡಬೇಡಿ. ನೀಲಿ-ಹಸಿರು ಪಾಚಿಯ ಕೆಲವು ವಿಷಗಳು ಗಂಟೆಗಳೊಳಗೆ ಪ್ರಾಣ ತೆಗೆಯುತ್ತವೆ, ಅವಕ್ಕೆ ಪ್ರತಿವಿಷವಿಲ್ಲ.

ಬಿಸಿಲಿನ ವಿಷಯಕ್ಕೆ ಬರೋಣ. ಕ್ಯಾನ್ವಾಸ್ ಡೇರೆ ಬೆಳಿಗ್ಗೆ ಎಂಟಕ್ಕೆ ತಂಪಾಗಿರುತ್ತದೆ, ಹನ್ನೆರಡಕ್ಕೆ ಕುಲುಮೆಯಾಗುತ್ತದೆ. ಕಾರು ಇನ್ನೂ ಕೆಟ್ಟದ್ದು: ಹೊರಗೆ ಬರೀ 21 ಡಿಗ್ರಿ ಇದ್ದರೂ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40ರ ಹತ್ತಿರಕ್ಕೆ ಏರುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುವುದೇ ಮುಖ್ಯ ದಾರಿ. ಅದರ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 41 ದಾಟಿತೆಂದರೆ ಅಪಾಯ. ಪಗ್, ಬುಲ್‌ಡಾಗ್‌ನಂತಹ ಚಪ್ಪಟೆ ಮೂತಿಯವು ಎಲ್ಲಕ್ಕಿಂತ ಮೊದಲು ಕುಸಿಯುತ್ತವೆ. ಹಾಗಾದರೆ ಮೊದಲು ತಣ್ಣೀರು ಸುರಿದು ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ ಓಡಿ.

ಕೊನೆಯದಾಗಿ, ದಯವಿಟ್ಟು ನಿಮ್ಮ ನಿದ್ರೆ ಮಾತ್ರೆಯನ್ನು ನಾಯಿಗೆ ಕೊಡಬೇಡಿ. ಕೆಲವು ಮದ್ದುಗಳು ಮೈಯನ್ನು ಮಾತ್ರ ಸುಮ್ಮನಾಗಿಸುತ್ತವೆ, ಒಳಗಿನ ಭಯ ಹಾಗೆಯೇ ಇರುತ್ತದೆ. ನೋಡುವವರಿಗೆ ಶಾಂತ, ಅದಕ್ಕೆ ನರಕ.

ಕ್ಯಾನ್ವಾಸ್ ಕೆಳಗೆ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಇಂತಹ ಆರು ಡೇರೆಗಳನ್ನು ನಡೆಸುವವನು. ಮೂರನೇ ದಿಂಬು ಅವರು ಹೋದದ್ದು ನನ್ನಲ್ಲಿಗೆ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಿಯಮದ ಹಾಳೆಯನ್ನು ಬಂದ ಮೇಲೆ ಕೊಟ್ಟದ್ದು ಅವರ ತಪ್ಪು. ಬುಕ್ ಮಾಡುವ ಮೊದಲೇ ತಿಳಿಸಬೇಕಿತ್ತು. ಆದರೆ ಆ ನಿಯಮಗಳೆಲ್ಲ ಕೊಬ್ಬಿನಿಂದ ಹುಟ್ಟಿದವಲ್ಲ. ಕ್ಯಾನ್ವಾಸಿಗೆ ಒಮ್ಮೆ ಗಂಡುನಾಯಿ ಕಾಲೆತ್ತಿತೆಂದರೆ ಮುಂದೆ ಬರುವ ಪ್ರತಿ ನಾಯಿಯೂ ಅದೇ ಮೂಲೆಗೆ ತನ್ನ ರುಜು ಹಾಕುತ್ತದೆ. ಕಟುವಾದ ಸಾಬೂನು ಹಾಕಿ ಉಜ್ಜಿದರೆ ನೀರು ತಡೆಯುವ ಲೇಪ ಹೋಗುತ್ತದೆ. ಒಂಟಿಯಾಗಿ ಬಿಟ್ಟ ನಾಯಿ ಬಾಗಿಲ ಬಟ್ಟೆಯನ್ನು ಉಗುರಿನಿಂದ ಸೀಳಿದ್ದನ್ನು ಹೊಲಿಯುತ್ತ ಕುಳಿತ ರಾತ್ರಿಗಳಿವೆ.

ಮಲ ಎತ್ತುವ ವಿಷಯ. ‘ಹೊಲ ತಾನೇ, ಗೊಬ್ಬರವಾಗುತ್ತದೆ’ ಎನ್ನುವವರಿಗೆ ಒಂದು ಮಾತು. ನಿಯೋಸ್ಪೊರಾ ಎಂಬ ಪರೋಪಜೀವಿ ನಾಯಿಯ ಮಲದಿಂದ ಮೇವಿಗೆ, ಮೇವಿನಿಂದ ಹಸುವಿಗೆ ದಾಟಿ ಗಬ್ಬ ಇಳಿಸುತ್ತದೆ. ಅದು ನಾಯಿಯ ಮೂಲಕ ಹರಡುತ್ತದೆ ಎಂದು 1998ರಲ್ಲಿ ಖಚಿತವಾಯಿತು. ನಮ್ಮ ಡೇರೆಗಳ ಪಕ್ಕದ ರೈತನ ಹಸು ಕಂದು ಹಾಕಿದರೆ ಆತನಿಗೆ ಒಂದು ವರ್ಷದ ಹಾಲು ಹೋದಂತೆ. ಚೀಲ ತನ್ನಿ, ಎತ್ತಿ, ಗಂಟು ಹಾಕಿ, ತೊಟ್ಟಿಗೆ ಹಾಕಿ. ಗಂಟು ಹಾಕಿದ ಚೀಲವನ್ನು ಬೇಲಿಗೆ ನೇತುಹಾಕಿ ಹೋಗುವವರೂ ಇದ್ದಾರೆ, ಅವರ ಬಗ್ಗೆ ಇಲ್ಲಿ ಬರೆಯಲಾರೆ.

ಕರೆ ಮಾಡಿದಾಗ ‘ನಾಯಿ ತರಬಹುದೇ’ ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. ಬೇಲಿ ಎಷ್ಟು ಎತ್ತರ, ಅದರ ಕೆಳಗೆ ಸಂದು ಇದೆಯೇ, ಪಕ್ಕದ ಡೇರೆ ಎಷ್ಟು ಹೆಜ್ಜೆ, ಆ ದಿನ ಬೇರೆ ಎಷ್ಟು ನಾಯಿಗಳಿವೆ, ದನ ಕುರಿ ಎಲ್ಲಿ ಮೇಯುತ್ತವೆ, ಹತ್ತಿರದ ಪಶು ಆಸ್ಪತ್ರೆ ಎಷ್ಟು ದೂರ ಎಂದು ಕೇಳಿ. ಉತ್ತರಿಸಲು ತಡವರಿಸಿದರೆ ಆ ಜಾಗ ಬಿಟ್ಟುಬಿಡಿ. ಸದ್ದಿಗೆ ಬೆಚ್ಚುವ ನಾಯಿಯಾದರೆ ಒಂಟಿ ಪದರದ ಕ್ಯಾನ್ವಾಸಿಗಿಂತ ಮರದ ಪುಟ್ಟ ಮನೆ ಮೇಲು. ಮಂಗೋಲಿಯದ ಗೆರ್ ಮಾದರಿಯ ದುಂಡು ಡೇರೆಯೂ ಆದೀತು. ಅದರ ಗೋಡೆ ಕುರಿಯ ತುಪ್ಪಟವನ್ನು ಒತ್ತಿ ಮಾಡಿದ ದಪ್ಪ ಕಂಬಳಿ. ಚಳಿಯನ್ನೂ ತಡೆಯುತ್ತದೆ, ಸದ್ದನ್ನೂ ಸ್ವಲ್ಪ ನುಂಗುತ್ತದೆ.

ಬಯಲು:
ಎಲ್ಲರೂ ಇಷ್ಟು ಹೆದರಿಸಿದರೆ ಹೇಗೆ? ಹಳ್ಳಿಗಾಡಿಗೆ ಹೋಗುವುದೇ ನಾಯಿಯನ್ನು ಬಿಟ್ಟು ಓಡಿಸಲು. ನನ್ನದು ಕರೆದರೆ ಬರುತ್ತದೆ. ಲೀಶ್ ಹಾಕಿ ಬೀದಿ ಸುತ್ತಿಸುವುದಾದರೆ ಮನೆಯೇ ಸಾಕಲ್ಲ.

ಕ್ಯಾನ್ವಾಸ್ ಕೆಳಗೆ:
ಬಯಲು ಅವರೇ, ‘ಕರೆದರೆ ಬರುತ್ತದೆ’ ಎಂದ ಎಷ್ಟೋ ಜನರ ಜೊತೆ ಟಾರ್ಚ್ ಹಿಡಿದು ರಾತ್ರಿಯೆಲ್ಲ ಹುಡುಕಿದ್ದೇನೆ. ಮನೆಯಂಗಳದಲ್ಲಿ ಬರುತ್ತದೆ. ಕಣ್ಣೆದುರು ಮೊಲ ಹಾರಿದಾಗ ಬರುತ್ತದೆಯೇ? ಕುರಿಗಳನ್ನು ಕಚ್ಚಬೇಕಾಗಿಲ್ಲ, ಸುಮ್ಮನೆ ಅಟ್ಟಿಸಿಕೊಂಡು ಹೋದರೂ ಗಬ್ಬದ ಕುರಿ ಮರಿ ಕಳೆದುಕೊಳ್ಳಬಹುದು.

ಹಳೇ ಗೂಟ:
ನಡುವಿನ ದಾರಿಯೊಂದಿದೆ. ಹತ್ತು ಮೀಟರ್ ಉದ್ದದ ಹಗ್ಗ, ಅದನ್ನು ಕೊರಳಿಗಲ್ಲ, ಎದೆಗೆ ತೊಡಿಸುವ ಹಾರ್ನೆಸ್‌ಗೆ ಕಟ್ಟಬೇಕು. ಓಡಿ ಬಂದು ಹಗ್ಗ ತೀರಿದಾಗ ಕತ್ತಿಗೆ ಪೆಟ್ಟಾಗುವುದಿಲ್ಲ. ಡೇರೆಯ ಕಂಬಕ್ಕೆ ಮಾತ್ರ ಕಟ್ಟಬೇಡಿ, ಒಮ್ಮೆ ಕಟ್ಟಿ ಮೂರು ಜನರ ಮೇಲೆ ಡೇರೆ ಬೀಳಿಸಿದ ಅನುಭವ ನನಗಿದೆ.

ಆದರೆ ಹಗ್ಗ ಬಿಡಲೇಬೇಕಾದ ಸಂದರ್ಭವೂ ಒಂದಿದೆ. ಕರು ಇರುವ ಹಸುಗಳು ನಾಯಿಯನ್ನು ಕಂಡು ನುಗ್ಗಿಬಂದರೆ ಆ ಕ್ಷಣವೇ ಹಗ್ಗ ಕೈಬಿಡಿ. ಅವಕ್ಕೆ ಸಿಟ್ಟು ನಾಯಿಯ ಮೇಲೆ. ನಾಯಿ ಓಡಿ ಪಾರಾಗುತ್ತದೆ, ಅದನ್ನು ಎತ್ತಿಕೊಂಡು ನಿಂತವರು ತುಳಿತಕ್ಕೆ ಸಿಗುತ್ತಾರೆ.

ಬಯಲು:
ಹತ್ತು ಮೀಟರ್ ಹಗ್ಗದ ಮಾತು ಒಪ್ಪಿದೆ. ಮೊಲದ ಮಾತಿಗೆ ಉತ್ತರವಿಲ್ಲ.

ಕೆಂಡ:
ಯಾರೂ ಬೆಂಕಿಯ ಬಗ್ಗೆ ಹೇಳಲಿಲ್ಲ. ಹೊರಗೆ ಉರಿಸಿದ ಇದ್ದಿಲಿನ ಒಲೆಯನ್ನು ಚಳಿಯೆಂದು ಡೇರೆಯೊಳಗೆ ಎಳೆದುಕೊಳ್ಳಬೇಡಿ. ಆರಿದಂತೆ ಕಾಣುವ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಎಂಬ ಪ್ರಾಣ ತೆಗೆಯುವ ಅನಿಲ ಬಿಡುತ್ತಿರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಯಿಯ ಮೂಗನ್ನೂ ನಂಬುವಂತಿಲ್ಲ. ಮಳೆಯಲ್ಲಿ ಅಪಾಯ ಇನ್ನೂ ಹೆಚ್ಚು. ಹತ್ತಿಯ ಕ್ಯಾನ್ವಾಸ್ ನೆನೆದಾಗ ಎಳೆಗಳು ಉಬ್ಬಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರು ಒಳಗೆ ಬಾರದಿರುವುದು ಅದರಿಂದಲೇ, ಗಾಳಿಯಾಡದಿರುವುದೂ ಅದರಿಂದಲೇ. ಕೊಳವೆ ಇರುವ ಒಲೆಯೇ ಇದ್ದರೂ ಈ ಅನಿಲ ಪತ್ತೆಹಚ್ಚುವ ಎಚ್ಚರಿಕೆ ಗಂಟೆ ಇದೆಯೇ ಎಂದು ನೋಡಿ. ಒಲೆಯ ಸುತ್ತ ತಡೆ ಇಲ್ಲದಿದ್ದರೆ ಬಾಲ ಅಲ್ಲಾಡಿಸುವ ನಾಯಿಗೆ ಅದು ಜಾಗವಲ್ಲ.

ಉದ್ದ ಕಿವಿ:
ನನ್ನದು ಬೇರೆ ಕಥೆ. ನಮ್ಮ ಪುಟ್ಟಿಗೆ ಹದಿಮೂರು ವರ್ಷ. ಅರ್ಧ ಕಣ್ಣು, ಕಿವಿ ಬಹುತೇಕ ಇಲ್ಲ. ಇವಳಿಗೆ ಸದ್ದಿನ ತೊಂದರೆಯೇ ಇಲ್ಲ ನೋಡಿ, ಸಿಡಿಲು ಹೊಡೆದರೂ ಗೊರಕೆ. ನಮಗೆ ಕಷ್ಟವಾದದ್ದು ಮೆಟ್ಟಿಲು. ಮರದ ಅಟ್ಟಣೆಯ ಮೇಲೆ ಡೇರೆ, ಹತ್ತಲು ಐದು ಮೆಟ್ಟಿಲು, ನಡುವೆ ತೆರೆದ ಸಂದು. ಅವಳು ಮೊದಲ ಮೆಟ್ಟಿಲಿಗೆ ಮುಂಗಾಲಿಟ್ಟು, ಆ ಸಂದಿನಿಂದ ಕೆಳಗೆ ಕಾಣುವ ನೆಲವನ್ನು ಮೂಸಿ, ಕಾಲು ಹಿಂದೆ ತೆಗೆದು, ನನ್ನ ಮುಖ ನೋಡುತ್ತಿದ್ದಳು. ರಾತ್ರಿ ಮೂರು ಸಲ ಹೊರಗೆ ಹೋಗಬೇಕು. ಮೂರು ಸಲವೂ ನಾನೇ ಎತ್ತಿಕೊಂಡು ಇಳಿದೆ.

ಮೂರನೆಯ ಸಲ ಇಳಿದಾಗ ಮಂಜು ಬೀಳುತ್ತಿತ್ತು. ಕೆಲಸ ಮುಗಿಸಿದ ಮೇಲೂ ಅವಳು ಒಳಗೆ ಬರಲಿಲ್ಲ. ಒದ್ದೆ ಹುಲ್ಲಿನಲ್ಲಿ ನಿಂತು ಮೂಗು ಮೇಲೆತ್ತಿ ಗಾಳಿಯನ್ನು ಸಣ್ಣ ಸಣ್ಣ ಗುಟುಕಿನಲ್ಲಿ ಒಳಗೆಳೆದುಕೊಳ್ಳುತ್ತಿದ್ದಳು. ಇಪ್ಪತ್ತು ನಿಮಿಷವಾದರೂ ನಿಂತಿದ್ದಳು. ನಾನು ಚಪ್ಪಲಿಯಿಲ್ಲದ ಕಾಲಿನಲ್ಲಿ ಪಕ್ಕದಲ್ಲಿ ನಿಂತಿದ್ದೆ, ಕರೆಯಲು ಮನಸ್ಸಾಗಲಿಲ್ಲ.

ಮುದಿ ನಾಯಿ ಇದ್ದವರು ನೆಲಮಟ್ಟದ ಡೇರೆಯನ್ನೇ ಕೇಳಿ ಪಡೆಯಿರಿ.

ಮೂರನೇ ದಿಂಬು:
ಎಲ್ಲರಿಗೂ ಧನ್ಯವಾದ. ಓದುತ್ತಾ ಹೋದಂತೆ ತಪ್ಪು ಯಾರದ್ದೆಂದು ತಿಳಿಯುತ್ತಾ ಹೋಯಿತು. ಎರಡನೆಯ ದಿನ ಗುಂಡ ಡೇರೆಯ ಮುಂದಿನ ಮರದ ಬುಡದಲ್ಲಿ ತಾನಾಗಿಯೇ ಮಲಗಿದ್ದ. ಅವನನ್ನು ಎಬ್ಬಿಸಿ, ಕಾರಿಗೆ ಹಾಕಿ, ‘ಬಾ, ಊರು ನೋಡೋಣ’ ಎಂದವನು ನಾನೇ. ಮಲಗಿದ್ದ ನಾಯಿಯನ್ನು ವಿಶ್ರಾಂತಿಗೆಂದು ಎಬ್ಬಿಸಿದೆ! ಇನ್ನೊಂದು ಸಲ ಪ್ರಯತ್ನಿಸಿ ಬಂದು ಬರೆಯುತ್ತೇನೆ.

ಮೂರನೇ ದಿಂಬು (ಎರಡು ತಿಂಗಳ ಬಳಿಕ):
ಹೋಗಿ ಬಂದೆವು. ಮೂರು ರಾತ್ರಿ. ಈ ಸಲ ನೆಲಮಟ್ಟದ ಡೇರೆ, ಸುತ್ತ ಎದೆಯೆತ್ತರದ ಬೇಲಿ, ಪಕ್ಕದ ಡೇರೆ ಅರವತ್ತು ಹೆಜ್ಜೆ. ಎಲ್ಲವನ್ನೂ ಫೋನಿನಲ್ಲಿ ಕೇಳಿದೆ. ಆ ಕಡೆಯಿದ್ದಾಕೆ ಬೇಲಿಯ ಕೆಳಗಿನ ಸಂದನ್ನು ಅಳೆದು ಮತ್ತೆ ಕರೆ ಮಾಡಿದರು.

ಹೊರಡುವ ಮೊದಲಿನ ವಾರ ಮನೆಯ ಕೋಣೆಯಲ್ಲೇ ಹಳೆಯ ಟೆಂಟ್ ಹಾಕಿ ಗುಂಡನ ಜೊತೆ ಮಲಗಿದೆ. ಇದು ಯಾರ ಸಲಹೆಯೂ ಅಲ್ಲ, ನನ್ನದೇ ಹುಚ್ಚು. ಮನೆಯವರು ನಕ್ಕರು. ಆದರೆ ಜಿಪ್ಪಿನ ಸದ್ದು ಅವನಿಗೆ ರೂಢಿಯಾಯಿತು.

ಮೊದಲ ರಾತ್ರಿ ಐದು ಸಲ ಬೊಗಳಿದ. ಎರಡನೆಯ ರಾತ್ರಿ ಮಳೆ. ಕ್ಯಾನ್ವಾಸಿನ ಮೇಲೆ ಹನಿ ಬಿದ್ದ ಮೊದಲ ಐದು ನಿಮಿಷ ತಲೆಯೆತ್ತಿ ಮೇಲೆ ನೋಡುತ್ತಿದ್ದವನು, ಆಮೇಲೆ ಒಗೆಯದ ಹಚ್ಚಡದಲ್ಲಿ ಮೂತಿ ಹುದುಗಿಸಿ ಬೆಳಗಾಗುವವರೆಗೆ ಏಳಲಿಲ್ಲ. ಮೂರು ದಿನವೂ ಎಲ್ಲಿಗೂ ಹೋಗಲಿಲ್ಲ. ಕಾರಿನ ಮೇಲೆ ಎಲೆ ಬಿದ್ದು ಗುಡ್ಡೆಯಾಗಿತ್ತು. ಪುಸ್ತಕ ಮುಗಿಯಲಿಲ್ಲ, ಆದರೆ ನೂರಾ ಹತ್ತನೇ ಪುಟದಲ್ಲಿದ್ದೇನೆ. ಬಿಳಿ ಕೋಟು ಅವರೇ, ಹಿಂಗಾಲಿನ ಬೆರಳ ಸಂದಿನಲ್ಲಿ ಒಂದೇ ಒಂದು ಉಣುಗು ಸಿಕ್ಕಿತು, ಚಿಮುಟದಿಂದಲೇ ತೆಗೆದೆ.

ಒಂದು ಜಗಳ ಮಾತ್ರ ಕೊನೆಯವರೆಗೂ ಬಗೆಹರಿಯಲಿಲ್ಲ. ಹೊರಗಿಟ್ಟಿದ್ದ ಅವನ ನೀರಿನ ಬಟ್ಟಲಿಗೆ ಪ್ರತಿ ಸಂಜೆ ಒಂದು ಕಪ್ಪೆ ಬಂದು ಕೂರುತ್ತಿತ್ತು. ಗುಂಡ ಮೊದಲ ದಿನ ಬೊಗಳಿದ, ಎರಡನೆಯ ದಿನ ಅದರ ಎದುರೇ ಕುಳಿತು ಕಾದ, ಮೂರನೆಯ ದಿನ ಒಳಗೆ ಬಂದು ನನ್ನ ಲೋಟಕ್ಕೆ ಬಾಯಿ ಹಾಕಿದ.

ಬಿಳಿ ಕೋಟು:
ಕಪ್ಪೆಯನ್ನು ನೆಕ್ಕಲು ಬಿಟ್ಟಿಲ್ಲ ತಾನೇ? ಕೆಲವು ನೆಲಗಪ್ಪೆಗಳ ಚರ್ಮದಲ್ಲಿ ವಿಷವಿರುತ್ತದೆ. ಜೊಲ್ಲು, ನೊರೆ ಕಂಡರೆ ತಕ್ಷಣ ಬಾಯಿ ತೊಳೆಯಬೇಕು.

ಮೂರನೇ ದಿಂಬು:
ಇಲ್ಲ ವೈದ್ಯರೇ, ಒಂದು ಮಾರು ದೂರದಲ್ಲೇ ಕುಳಿತಿರುತ್ತಿದ್ದ, ಹಗ್ಗ ನನ್ನ ಕೈಯಲ್ಲಿತ್ತು. ಹೊರಡುವಾಗ ಬಟ್ಟಲು ತೆಗೆದುಕೊಳ್ಳಲು ಹೋದರೆ ಕಪ್ಪೆ ಅದರಲ್ಲೇ ಇತ್ತು. ಡೇರೆಯವರಿಗೆ ಹೇಳಿ ಬಟ್ಟಲನ್ನು ಅಲ್ಲೇ ಬಿಟ್ಟು ಬಂದೆವು.